ಓದಲು ಬಾರದ ಬರಹ ಯಾವ ಭಾಷೆಯದು? ಗುರುತಿಸುವ ಬಗೆ

ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಗೆ ತಮಿಳುನಾಡಿನ ಗಡಿ ದೂರವೇನಲ್ಲ. ಹೊಸೂರು, ಬಾಗಲೂರಿಗೆ ಇಲ್ಲಿನವರು ವ್ಯಾಪಾರಕ್ಕೂ ನೆಂಟರ ಮನೆಗೂ ಹೋಗಿಬರುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೋದರೆ ಆಂಧ್ರದ ಗಡಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಡಿಯಾಚೆಯ ಅಂಗಡಿಯಲ್ಲಿ ತಮಿಳು, ಪಕ್ಕದ ಬೀದಿಯಲ್ಲಿ ದಖನಿ ಉರ್ದು ಎಂಬಂತೆ ಬದುಕುವ ಸೀಮೆ ಇದು. ಕಿವಿಗೆ ಬಿದ್ದ ಮಾತು ಯಾವ ಭಾಷೆಯದು ಎಂದು ಇಲ್ಲಿನ ಮಕ್ಕಳೂ ಥಟ್ಟನೆ ಹೇಳುತ್ತಾರೆ. ಅದೇ ಭಾಷೆ ಕಾಗದದ ಮೇಲೋ ಕಲ್ಲಿನ ಮೇಲೋ ಬಂದಾಗ ಮಾತ್ರ ಹಿರಿಯರೂ ತಡವರಿಸುತ್ತಾರೆ.

ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಪತ್ರವೊಂದು ಸಿಗುತ್ತದೆ. ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲು ಕಾಣುತ್ತದೆ. ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಬಂದವರ ಮಗುವಿನ ಲಸಿಕೆ ಚೀಟಿ ಆಶಾ ಕಾರ್ಯಕರ್ತೆಯ ಕೈಗೆ ಬರುತ್ತದೆ. ನರಸಾಪುರದ ಕಾರ್ಖಾನೆಗೆ ಬಂದ ಯಂತ್ರದ ಪೆಟ್ಟಿಗೆಯ ಮೇಲೆ ಹೊರದೇಶದ ಬರಹ ಇರುತ್ತದೆ. ಇವನ್ನೆಲ್ಲ ನೀವೇ ಓದಬೇಕಾಗಿಲ್ಲ. ಯಾವ ಭಾಷೆ ಎಂದು ಗೊತ್ತಾದರೆ ಯಾರನ್ನು ಕೇಳಬೇಕು ಎಂಬುದು ಗೊತ್ತಾಗುತ್ತದೆ, ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಅದು ಗೊತ್ತಾಗದೆ ಹೋದಾಗಲೇ ಪತ್ರ ಗುಜರಿಗೆ ಹೋಗುತ್ತದೆ, ಕಲ್ಲು ಪಾಯಕ್ಕೆ ಹೋಗುತ್ತದೆ.

ಗುರುತಿಸಲು ಭಾಷೆ ಬರಬೇಕೆಂದಿಲ್ಲ. ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಂಡರೆ ಸಾಕು. ಲಿಪಿ ಯಾವುದು? ಅಕ್ಷರದ ಮೇಲೆ, ಕೆಳಗೆ, ಪಕ್ಕದಲ್ಲಿ ಇರುವ ಗುರುತುಗಳು ಯಾವುವು? ಪದಗಳು ಹೇಗೆ ಮುಗಿಯುತ್ತವೆ? ಲಿಪಿಯೊಂದನ್ನೇ ನೋಡಿ ಭಾಷೆಯನ್ನು ತೀರ್ಮಾನಿಸುವುದೇ ಇದರಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು.

ಕನ್ನಡವೋ ತೆಲುಗೋ?

ಈ ಎರಡು ಲಿಪಿಗಳು ಒಂದೇ ಬೇರಿನವು. ನೂರಾರು ವರ್ಷ ಎರಡೂ ಭಾಷೆಗಳನ್ನು ಹೆಚ್ಚುಕಡಿಮೆ ಒಂದೇ ಲಿಪಿಯಲ್ಲಿ ಬರೆದರು. ನಿಧಾನವಾಗಿ ಬೇರೆಯಾದ ಲಿಪಿಗಳಿಗೆ ಇಂದಿನ ಸ್ಥಿರವಾದ ರೂಪ ಕೊಟ್ಟದ್ದು 19ನೇ ಶತಮಾನದ ಮುದ್ರಣ. ಈಗಲೂ ಗ, ರ, ನ, ದ ಅಕ್ಷರಗಳು ಎರಡರಲ್ಲೂ ಒಂದೇ ಹೋಲಿಕೆಯವು. ಬೇರೆ ಮಾಡಿ ನೋಡಲು ಮೂರು ಗುರುತುಗಳಿವೆ.

ಮೊದಲನೆಯದು ತಲೆಕಟ್ಟು. ಕನ್ನಡದಲ್ಲಿ ಅದು ಅಕ್ಷರದ ಮೇಲೆ ಮಲಗಿದ ಗೆರೆ, ಬಲತುದಿಯಲ್ಲಿ ಸ್ವಲ್ಪ ಮೇಲಕ್ಕೆ ಸುಳಿಯುತ್ತದೆ. ತೆಲುಗಿನಲ್ಲಿ ಮೇಷ್ಟ್ರು ಸರಿ ಉತ್ತರಕ್ಕೆ ಹಾಕುವ ಗುರುತಿನಂತೆ ಓರೆಯಾಗಿ ಮೇಲೆದ್ದಿರುತ್ತದೆ. ಒಂದು ಸಾಲಿನ ಮೇಲ್ತುದಿಯನ್ನಷ್ಟೇ ನೋಡಿದರೂ ಈ ವ್ಯತ್ಯಾಸ ಕಾಣುತ್ತದೆ.

ಎರಡನೆಯದು ದೀರ್ಘ. ಕನ್ನಡದ ಕೀ, ಕೇ, ಕೋ ಮೂರರಲ್ಲೂ ದೀರ್ಘದ ಗುರುತು ಅಕ್ಷರದ ಬಲಕ್ಕೆ ಬೇರೆಯಾಗಿ ನಿಲ್ಲುತ್ತದೆ. ಅಂದರೆ ಗುಡಿಸು, ಏತ್ವ, ಓತ್ವಗಳ ದೀರ್ಘಕ್ಕೆ ತನ್ನದೇ ಜಾಗವಿದೆ. ತೆಲುಗಿನಲ್ಲಿ ಈ ಮೂರಕ್ಕೂ ದೀರ್ಘ ಅಕ್ಷರದ ತಲೆಯ ಮೇಲೇ ಸೇರಿಕೊಳ್ಳುತ್ತದೆ. ಹೀಗೆ ಬಲಕ್ಕೆ ಬಿಡಿಯಾಗಿ ನಿಂತ ದೀರ್ಘ ಕಂಡರೆ ಅದು ಕನ್ನಡ ಲಿಪಿ.

ಮೂರನೆಯದು ಅರ್ಕಾವತ್ತು. 'ಕರ್ನಾಟಕ' ಎಂಬ ಪದವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ 'ನಾ' ಬರೆದು ಅದರ ಬಲಕ್ಕೆ ಅರ್ಕಾವತ್ತು ಇಡುತ್ತೇವೆ. ತೆಲುಗಿನವರು ಇಂದು 'ರ' ಅಕ್ಷರವನ್ನು ಪೂರ್ತಿ ಬರೆದು ಮುಂದಿನ ವ್ಯಂಜನವನ್ನು ಅದರ ಕೆಳಗೆ ಒತ್ತಾಗಿ ಕೊಡುತ್ತಾರೆ. ಅವರ ಕಾಗುಣಿತದಲ್ಲಿ ಆ ಒತ್ತು 'ಣ' ಆಗಿರುತ್ತದೆ, 'ನ' ಅಲ್ಲ. ದೇವನಾಗರಿಯಲ್ಲಿ ಅದೇ ಅರ್ಧ 'ರ್' ಮುಂದಿನ ಅಕ್ಷರದ ನೆತ್ತಿಯ ಮೇಲೆ ಕೊಕ್ಕೆಯಾಗಿ ಕೂರುತ್ತದೆ. ತಮಿಳಿನಲ್ಲಿ 'ರ' ಮೇಲೆ ಒಂದು ಚುಕ್ಕಿ ಬರುತ್ತದೆ, ಒತ್ತಕ್ಷರ ಇರುವುದೇ ಇಲ್ಲ. ಒಂದೇ ಪದ ನಾಲ್ಕು ಲಿಪಿಗಳನ್ನು ಬೇರೆ ಮಾಡಿ ತೋರಿಸುತ್ತದೆ.

ತಮಿಳು, ಗ್ರಂಥ, ಮಲಯಾಳಂ

ಇಂದಿನ ತಮಿಳು ಬರಹದ ಮುಖ್ಯ ಗುರುತು ಅಕ್ಷರಗಳ ತಲೆಯ ಮೇಲಿನ ಚುಕ್ಕಿ. ಅದರ ಹೆಸರು ಪುಳ್ಳಿ. ಸ್ವರವಿಲ್ಲದ ವ್ಯಂಜನಕ್ಕೆಲ್ಲ ಅದು ಬರುವುದರಿಂದ ಒಂದೊಂದು ಸಾಲಿನಲ್ಲೂ ಹಲವು ಸಿಗುತ್ತವೆ. ಅಕ್ಷರಗಳು ಕನ್ನಡದಷ್ಟು ದುಂಡಗಿಲ್ಲ, ನೆಟ್ಟಗಿನ ಗೆರೆ ಮತ್ತು ಮೂಲೆಗಳು ಹೆಚ್ಚು. ಎ, ಏ, ಐ ಸ್ವರಚಿಹ್ನೆಗಳು ವ್ಯಂಜನದ ಎಡಕ್ಕೆ ಬರುತ್ತವೆ. ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ, ಟ ಮತ್ತು ಡ ಎರಡಕ್ಕೂ ಒಂದೇ. ಜ, ಷ, ಸ, ಹ, ಶ್ರೀ ಇವುಗಳನ್ನು ತಮಿಳು ಗ್ರಂಥ ಲಿಪಿಯಿಂದ ಎರವಲು ಪಡೆದಿದೆ. ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿಯೇ ಗ್ರಂಥ.

ಮಲಯಾಳಂ ಲಿಪಿ ತಮಿಳಿಗಿಂತ ತುಂಬ ದುಂಡಗಿದೆ, ಒತ್ತಕ್ಷರಗಳೂ ಉಂಟು. ಪದದ ಕೊನೆಯಲ್ಲಿ ಅಕ್ಷರದ ಮೇಲೆ ಚುಕ್ಕಿಯ ಬದಲು ಅರ್ಧಚಂದ್ರದಂಥ ಗುರುತು ಕಂಡರೆ ಅದು ಮಲಯಾಳಂ.

ಲಿಪಿ ಕನ್ನಡ, ಭಾಷೆ ಬೇರೆ

ನಮ್ಮ ಸೀಮೆಯಲ್ಲಿ ಹೆಚ್ಚು ಗಮನ ಬೇಡುವುದು ಈ ಭಾಗ. ಕೈವಾರದ ಯೋಗಿ ನಾರೇಯಣ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಪದ ಕಟ್ಟಿದವರು. ಅವರ ತೆಲುಗು ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು ಹಾಡುವವರು ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಬಹಳ ಮಂದಿ. ಮನೆಮಾತು ತೆಲುಗಾಗಿದ್ದು ಕನ್ನಡ ಶಾಲೆಯಲ್ಲಿ ಓದಿದವರು ಮನೆಯ ಲೆಕ್ಕವನ್ನೂ ಹಾಡನ್ನೂ ಕನ್ನಡ ಲಿಪಿಯ ತೆಲುಗಿನಲ್ಲೇ ಬರೆದಿರುತ್ತಾರೆ. ಅಕ್ಷರ ಓದಲು ಬರುತ್ತದೆ, ಅರ್ಥವಾಗುವುದಿಲ್ಲ. ಇಂಥದ್ದನ್ನು ಹಳಗನ್ನಡ ಎಂದುಕೊಂಡು ಬದಿಗಿಡುವುದುಂಟು.

ಇಲ್ಲಿ ಪದದ ಕೊನೆಯನ್ನು ನೋಡಬೇಕು. ಮೂರು ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಕೊಡುತ್ತೇನೆ:

ನಮ್ಮ ಊರಿನಲ್ಲಿ ಈ ವರ್ಷ ಮಳೆ ಚೆನ್ನಾಗಿ ಬಿತ್ತು.
ಮಾ ಊರಿಲೋ ಈ ಏಡು ವಾನಲು ಬಾಗಾ ಪಡ್ಡಾಯಿ.
ಎಂಗಳ್ ಊರಿಲ್ ಇಂದ ವರುಷಮ್ ಮಳೈ ನನ್ರಾಗ ಪೆಯ್ದದು.

ಎರಡನೆಯದು ತೆಲುಗು. 'ಅಲ್ಲಿ' ಇರಬೇಕಾದ ಕಡೆ 'ಲೋ' ಇದೆ, ಬಹುವಚನಕ್ಕೆ 'ಗಳು' ಬದಲು 'ಲು' ಬಂದಿದೆ, ಪ್ರತಿ ಪದವೂ ಸ್ವರದಲ್ಲಿ ಮುಗಿದಿದೆ. ಮೂರನೆಯದು ತಮಿಳು. 'ಎಂಗಳ್', 'ಊರಿಲ್', 'ವರುಷಮ್' ವ್ಯಂಜನದಲ್ಲಿ ನಿಲ್ಲುತ್ತವೆ, ನಮ್ಮ 'ಮಳೆ' ಅಲ್ಲಿ 'ಮಳೈ' ಆಗಿದೆ. ಪದಗಳ ಅರ್ಥ ಒಂದೂ ಗೊತ್ತಿಲ್ಲದಿದ್ದರೂ ಇಷ್ಟು ಕಣ್ಣಿಗೆ ಕಾಣುತ್ತದೆ.

ನಿಷೇಧದ ಪದವನ್ನು ಹುಡುಕುವುದು ಇನ್ನೊಂದು ಒಳ್ಳೆಯ ದಾರಿ. ಎಂಥ ಪತ್ರದಲ್ಲೂ ಅದು ಒಂದೆರಡು ಸಲ ಬಂದೇ ಬರುತ್ತದೆ. 'ಇಲ್ಲ' ಇದ್ದರೆ ಕನ್ನಡ, 'ಲೇದು' ಇದ್ದರೆ ತೆಲುಗು, 'ಇಲ್ಲೈ' ಇದ್ದರೆ ತಮಿಳು, 'ಇಜ್ಜಿ' ಇದ್ದರೆ ತುಳು, 'ನಾ' ಇದ್ದರೆ ಕೊಂಕಣಿ. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕೊಡಗಿನಲ್ಲಿ ಕೊಡವ ಭಾಷೆ ಕನ್ನಡ ಲಿಪಿಯಲ್ಲಿ ಅಚ್ಚಾಗುತ್ತವೆ. ತುಳುವಿನಲ್ಲಿ ಪದದ ಕೊನೆಯ ಅರ್ಧ ಉಕಾರವನ್ನು ತೋರಿಸಲು 'ಪಾಲ್' ಎಂಬಂತೆ ಕೊನೆಯಲ್ಲಿ ವ್ಯಂಜನವನ್ನು ಹಾಗೇ ಬಿಡುವುದು ವಾಡಿಕೆ. ಕೊಂಕಣಿಯಲ್ಲಿ ಮೂಗಿನಿಂದ ಹೊರಡುವ ಸ್ವರಕ್ಕಾಗಿ ಪದಗಳ ಕೊನೆಯಲ್ಲಿ ಸೊನ್ನೆಗಳು ಮತ್ತೆ ಮತ್ತೆ ಬರುತ್ತವೆ.

ಬರೆದವರ ಜಾತಿ, ಮನೆಮಾತು ನೋಡಿ ಬರಹದ ಭಾಷೆ ಇದೇ ಎಂದುಕೊಳ್ಳಬೇಡಿ. ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು, 1983ರ ಜ್ಞಾನಪೀಠ ಬಂದದ್ದು ಅವರ ಕನ್ನಡ ಕಾದಂಬರಿ 'ಚಿಕವೀರ ರಾಜೇಂದ್ರ'ಕ್ಕೆ.

ತಲೆಗೆರೆಯ ಲಿಪಿಗಳು

ಅಕ್ಷರಗಳನ್ನೆಲ್ಲ ಮೇಲಿನ ಗೆರೆಗೆ ತೂಗುಹಾಕಿದಂತೆ ಕಂಡರೆ ಬಹುಮಟ್ಟಿಗೆ ದೇವನಾಗರಿ ಅಥವಾ ಬಂಗಾಳಿ ವರ್ಗ. ದೇವನಾಗರಿಯಲ್ಲಿ ಹಿಂದಿಯನ್ನೂ ಮರಾಠಿಯನ್ನೂ ಬೇರೆ ಮಾಡಲು 'ಳ' ಹುಡುಕಿ. ಮರಾಠಿಯಲ್ಲಿ ಅದು ಧಾರಾಳ, ಹಿಂದಿಯಲ್ಲಿ ಬಳಕೆಯಿಲ್ಲ. ಹಿಂದಿಯಲ್ಲಿ 'ಡ', 'ಢ' ಅಕ್ಷರಗಳ ಕೆಳಗೆ ಚುಕ್ಕಿ ಬರುತ್ತದೆ. ವಾಕ್ಯದ ಕೊನೆಯಲ್ಲಿ 'ಹೈ' ಇದ್ದರೆ ಹಿಂದಿ, 'ಆಹೇ' ಇದ್ದರೆ ಮರಾಠಿ, 'ಛ' ಇದ್ದರೆ ನೇಪಾಳಿ. ವಿಸರ್ಗಗಳು ಸಾಲುಸಾಲಾಗಿ ಬಂದರೆ ಸಂಸ್ಕೃತ.

17ನೇ ಶತಮಾನದಲ್ಲಿ ಕೋಲಾರ ಸೀಮೆ ಮರಾಠ ಸರದಾರ ಶಹಾಜಿಯ ಜಹಗೀರಿಗೆ ಸೇರಿತ್ತು, ಹಾಗಾಗಿ ಹಳೆಯ ಮರಾಠಿ ಕಾಗದವೂ ಇಲ್ಲಿ ಸಿಗಬಹುದು. ಮರಾಠಿ ಲೆಕ್ಕಪತ್ರಗಳಿಗೆ ಬಳಸುತ್ತಿದ್ದ ಲಿಪಿ ಮೋಡಿ. ಸಾಲಿನುದ್ದಕ್ಕೂ ಮೊದಲೇ ಒಂದು ಗೆರೆ ಎಳೆದು, ಅದರ ಕೆಳಗೆ ಲೇಖನಿ ಎತ್ತದೆ ಸುತ್ತಿ ಸುತ್ತಿ ಬರೆದಂತೆ ಕಾಣುತ್ತದೆ. ಹಿಂದಿ ಬಲ್ಲವರೂ ಅದನ್ನು ಓದಲಾರರು.

ತಾಮ್ರಪಟ ಸಿಕ್ಕರೆ ಇನ್ನೊಂದು ವಿಚಾರ ಗೊತ್ತಿರಲಿ. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳ ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ನೋಡಲು ದೇವನಾಗರಿಯಂತೆಯೇ ಇರುತ್ತದೆ, ಆದರೆ ಪ್ರತಿ ಅಕ್ಷರದ ತಲೆಗೆರೆ ಬಿಡಿಬಿಡಿ, ಒಂದಕ್ಕೊಂದು ಕೂಡುವುದಿಲ್ಲ. ಕೊನೆಯಲ್ಲಿ 'ಶ್ರೀ ವಿರೂಪಾಕ್ಷ' ಎಂಬ ಅಂಕಿತ ಮಾತ್ರ ಕನ್ನಡ ಅಕ್ಷರದಲ್ಲಿರುತ್ತದೆ. ಆ ಒಂದು ಅಂಕಿತ ನೋಡಿ ಇಡೀ ಪಟ ಕನ್ನಡದ್ದೆಂದು ಹೇಳಿಬಿಡಬಾರದು.

ಮಾಲೂರಿನ ಹೆಂಚು, ಇಟ್ಟಿಗೆ ಕೆಲಸಕ್ಕೂ ಕೈಗಾರಿಕಾ ಪ್ರದೇಶಕ್ಕೂ ಈಗ ಪೂರ್ವ ಭಾರತದಿಂದ ಜನ ಬರುತ್ತಾರೆ. ಅವರ ಕಾಗದಪತ್ರಗಳಲ್ಲಿ ಬಂಗಾಳಿಗೂ ಅಸ್ಸಾಮಿಗೂ ಲಿಪಿ ಹೆಚ್ಚುಕಡಿಮೆ ಒಂದೇ. ಬೇರೆ ಮಾಡಲು 'ರ' ಒಂದೇ ಸಾಕು. ತ್ರಿಕೋನದಂಥ ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ಬಂಗಾಳಿ, ತ್ರಿಕೋನದ ಒಳಗೆ ಓರೆಗೆರೆ ಇದ್ದರೆ ಅಸ್ಸಾಮಿ. ತಲೆಗೆರೆಯ ಬದಲು ಅಕ್ಷರಗಳ ಮೇಲೆ ಛತ್ರಿಯಂಥ ಕಮಾನು ಇದ್ದರೆ ಒಡಿಯಾ. ಶಾಲೆಗೆ ಸೇರಿಸಲು ಬಂದ ತಾಯಿಯ ಕೈಯಲ್ಲಿರುವ ಚೀಟಿ ಯಾವ ಭಾಷೆಯದೆಂದು ಶಿಕ್ಷಕರಿಗೆ ಗೊತ್ತಾದರೆ, ಆ ಭಾಷೆ ಬಲ್ಲವರನ್ನು ಆ ಕುಟುಂಬ ದುಡಿಯುವ ಕಡೆಯಿಂದಲೇ ಕರೆಸಿ ಓದಿಸಬಹುದು.

ಬಲದಿಂದ ಎಡಕ್ಕೆ

ಉರ್ದು, ಪಾರ್ಸಿ, ಅರಬ್ಬಿ ಮೂರೂ ಬಲದಿಂದ ಎಡಕ್ಕೆ ಹೋಗುತ್ತವೆ. ಹೈದರಾಲಿ ಹುಟ್ಟಿದ ಬೂದಿಕೋಟೆ, ಅವನ ತಂದೆಯ ಸಮಾಧಿಯಿರುವ ಕೋಲಾರ ಎರಡೂ ಈ ಸೀಮೆಯವೇ. ಇಲ್ಲಿ ಈ ಲಿಪಿಯ ಬರಹ ಸಿಕ್ಕರೆ ಆಶ್ಚರ್ಯವಿಲ್ಲ. ಟ, ಡ ಧ್ವನಿಗಳಿಗಾಗಿ ಅಕ್ಷರದ ಮೇಲೆ 'ತೋಯ್' ಎಂಬ ಪುಟ್ಟ ಗುರುತು ಕಂಡರೆ ಅದು ಉರ್ದು, ಆ ಧ್ವನಿಗಳು ಪಾರ್ಸಿಯಲ್ಲೂ ಅರಬ್ಬಿಯಲ್ಲೂ ಇಲ್ಲ. ಆ ಗುರುತಿಲ್ಲದೆ ಪ, ಚ ಅಕ್ಷರಗಳ ಮೂರು ಚುಕ್ಕಿಗಳು ಕೆಳಗಡೆ ಕಂಡರೆ ಪಾರ್ಸಿ ಇರಬಹುದು. ಪದಗಳ ಆರಂಭದಲ್ಲಿ ಎರಡು ನೆಟ್ಟಗಿನ ಗೆರೆಗಳಂತೆ 'ಅಲ್' ಪದೇಪದೇ ಬಂದರೆ, ಪದದ ಕೊನೆಯಲ್ಲಿ ದುಂಡು ಅಕ್ಷರದ ಮೇಲೆ ಜೋಡಿ ಚುಕ್ಕಿ ಇದ್ದರೆ ಅರಬ್ಬಿ. ಉರ್ದು ಬರಹವೆಲ್ಲ ಧಾರ್ಮಿಕವಲ್ಲ. ಜಮೀನಿನ ಪತ್ರವೂ ಇರಬಹುದು, ಔಷಧದ ಚೀಟಿಯೂ ಇರಬಹುದು.

ಇಂಗ್ಲಿಷ್ ಅಕ್ಷರ, ಭಾಷೆ ಇಂಗ್ಲಿಷಲ್ಲ

ಯಂತ್ರದ ಪೆಟ್ಟಿಗೆ, ಔಷಧದ ಒಳಚೀಟಿ, ವಿದೇಶದ ಪ್ರಮಾಣಪತ್ರಗಳಲ್ಲಿ ರೋಮನ್ ಅಕ್ಷರದ ಹಲವು ಭಾಷೆಗಳು ಸಿಗುತ್ತವೆ. ಇಂಗ್ಲಿಷಿನಲ್ಲಿ ಅಕ್ಷರದ ಮೇಲೆ ಗುರುತುಗಳು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಗುರುತು ಕಂಡ ಕೂಡಲೇ ನಿಂತು ನೋಡಿ.

'ಎನ್' ಮೇಲೆ ಅಲೆಯಂಥ ಗೆರೆ, ವಾಕ್ಯದ ಆರಂಭದಲ್ಲೇ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಸ್ಪ್ಯಾನಿಷ್. ಅದೇ ಅಲೆಗೆರೆ 'ಎ' ಮತ್ತು 'ಓ' ಮೇಲಿದ್ದರೆ ಪೋರ್ಚುಗೀಸ್. 'ಇ' ಮೇಲೆ ಎಡಕ್ಕೂ ಬಲಕ್ಕೂ ವಾಲುವ ಗೀಟುಗಳು, 'ಸಿ' ಕೆಳಗೆ ಬಾಲ, ಒಂದೇ ಅಕ್ಷರದ ಬೆನ್ನಿಗೆ ಮೇಲುಗಡೆ ಅಲ್ಪವಿರಾಮ ಹಾಕಿ ಮುಂದಿನ ಪದಕ್ಕೆ ಅಂಟಿಸುವುದು ಇವೆಲ್ಲ ಸೇರಿದರೆ ಫ್ರೆಂಚ್. 'ಎ', 'ಓ', 'ಯು' ಮೇಲೆ ಜೋಡಿ ಚುಕ್ಕಿ, ವಾಕ್ಯದ ನಡುವೆಯೂ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಆರಂಭವಾಗುವುದು ಜರ್ಮನ್. ಚುಕ್ಕಿಯಿಲ್ಲದ 'ಐ' ಇದ್ದರೆ ಬಹುಮಟ್ಟಿಗೆ ಟರ್ಕಿ ಭಾಷೆ. 'ಎಲ್' ಅಕ್ಷರಕ್ಕೆ ಅಡ್ಡಗೀಟು ಇದ್ದರೆ ಪೋಲಿಷ್. 'ಯು' ಮೇಲೆ ಉಂಗುರ, 'ಆರ್' ಮೇಲೆ ಕೊಕ್ಕೆ ಇದ್ದರೆ ಚೆಕ್. 'ಓ', 'ಯು' ಮೇಲೆ ಎರಡು ಓರೆಗೀಟು ಜೋಡಿಯಾಗಿದ್ದರೆ ಹಂಗೇರಿಯನ್. ಚಿಕ್ಕ ಚಿಕ್ಕ ಪದಗಳು, ಒಂದೇ ಸ್ವರದ ಮೇಲೆ ಒಂದರ ಮೇಲೊಂದು ಎರಡು ಗುರುತುಗಳು ಕಂಡರೆ ವಿಯೆಟ್ನಾಂ ಭಾಷೆ.

ಚೌಕದಂಥ ಅಕ್ಷರಗಳಲ್ಲಿ ಎಲ್ಲವೂ ದಟ್ಟವಾಗಿದ್ದರೆ ಚೀನಿ, ದಟ್ಟ ಅಕ್ಷರಗಳ ನಡುವೆ ಸರಳವಾದ ಬಳುಕು ಅಕ್ಷರಗಳು ಸೇರಿದ್ದರೆ ಜಪಾನಿ, ಪುಟ್ಟ ವೃತ್ತಗಳೂ ನೇರ ಗೀಟುಗಳೂ ಇದ್ದರೆ ಕೊರಿಯನ್.

ಕಲ್ಲಿನ ಬರಹ

ಕೋಲಾರಕ್ಕೆ ಶಾಸನಗಳಲ್ಲಿ ಕುವಳಾಲ ಎಂಬ ಹೆಸರಿದೆ. ಗಂಗರ, ನೊಳಂಬರ ಕಾಲದ ಕನ್ನಡ ಶಾಸನಗಳು ಈ ಸೀಮೆಯಲ್ಲಿವೆ. 11ನೇ ಶತಮಾನದಲ್ಲಿ ಚೋಳರು ಇದನ್ನು ನಿಗರಿಲಿ ಚೋಳಮಂಡಲ ಎಂದು ಕರೆದು ಆಳಿದರು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳನ್ನು ಇಂದೂ ನೋಡಬಹುದು. ಹಳ್ಳಿಯ ಕಲ್ಲಿನ ಮೇಲೆ ತಮಿಳು ಕಂಡರೆ ಅದು ನಮ್ಮ ಊರಿನದೇ ಇತಿಹಾಸ, ಹೊರಗಿನವರದೆಂದು ಕಡೆಗಣಿಸಬೇಡಿ.

ಕಲ್ಲಿನಲ್ಲಿ ಮೂರು ಎಚ್ಚರ ಬೇಕು. ಹಳೆಯ ತಮಿಳು ಶಾಸನಗಳಲ್ಲಿ ಪುಳ್ಳಿಯನ್ನು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ, ಚುಕ್ಕಿ ಕಾಣಲಿಲ್ಲವೆಂದು ತಮಿಳಲ್ಲ ಎನ್ನಬೇಡಿ. ಹಳೆಯ ಕನ್ನಡ, ತೆಲುಗು ಶಾಸನಗಳ ಲಿಪಿ ಒಂದೇ ಆದ್ದರಿಂದ ಅಲ್ಲಿ ಭಾಷೆಯನ್ನು ಪದಗಳಿಂದಲೇ ತಿಳಿಯಬೇಕು. ಇನ್ನು ಆರಂಭದ 'ಸ್ವಸ್ತಿ ಶ್ರೀ'ಯೂ ಕೊನೆಯ ಶಾಪದ ಶ್ಲೋಕವೂ ಯಾವ ಭಾಷೆಯ ಶಾಸನದಲ್ಲೂ ಸಂಸ್ಕೃತದಲ್ಲಿ ಬರಬಹುದು. ಭಾಷೆ ತಿಳಿಯುವುದು ನಡುವಿನ ಸಾಲುಗಳಿಂದ. ಕಾಲ ಹೇಳುವ ಕಡೆ 'ಶಕವರುಷ' ಮತ್ತು 'ನೆಯ' ಇದ್ದರೆ ಕನ್ನಡ, 'ಶಕವರುಷಂಬುಲು' ಇದ್ದರೆ ತೆಲುಗು, ಅರಸನ ಆಳ್ವಿಕೆಯ ವರ್ಷಕ್ಕೆ 'ಯಾಣ್ಡು' ಇದ್ದರೆ ತಮಿಳು.

ಕಲ್ಲನ್ನು ಓದಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು. ಬರಿಯ ನೀರು ಚಿಮುಕಿಸಿ ಮೆತ್ತನೆಯ ಬ್ರಷ್‌ನಿಂದ ಮಣ್ಣು ತೆಗೆಯಿರಿ. ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ ಮುಟ್ಟಿಸಬೇಡಿ. ಒಮ್ಮೆ ಸವೆದ ಅಕ್ಷರ ಮತ್ತೆ ಬರುವುದಿಲ್ಲ.

ಗುರುತಿಸಿದ ಮೇಲೆ

ಒಂದೇ ಗುರುತು ನಂಬಿ ತೀರ್ಮಾನಿಸಬೇಡಿ. ಊರಿನ ಹೆಸರು, ವ್ಯಕ್ತಿಯ ಹೆಸರು, 'ಶ್ರೀ'ಯಂಥ ಪದಗಳು ಎಲ್ಲ ಭಾಷೆಗೂ ಸಾಮಾನ್ಯ, ಅವನ್ನು ಬಿಟ್ಟು ಉಳಿದ ಪದಗಳಲ್ಲಿ ಮೂರು ಸುಳಿವು ಒಂದೇ ಕಡೆ ಬೊಟ್ಟು ಮಾಡಬೇಕು. ಮೊಬೈಲಿನ ಅನುವಾದ ಆ್ಯಪ್ ಅಚ್ಚಾದ ಬರಹಕ್ಕೆ ನೆರವಾಗುತ್ತದೆ. ಕೈಬರಹ, ಕಲ್ಲು, ಕನ್ನಡ ಲಿಪಿಯ ತೆಲುಗು ಇಂಥವಕ್ಕೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಶಾಸನವಾದರೆ ಮೊದಲು ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಜಿಲ್ಲೆಯ 10ನೇ ಸಂಪುಟ ನೋಡಿ. ಶಾಸನಗಳು ತಾಲ್ಲೂಕುವಾರು, ಊರಿನ ಹೆಸರಿನೊಂದಿಗೆ ಇವೆ. ನಿಮ್ಮ ಊರಿನ ಕಲ್ಲು ಅದರಲ್ಲಿ ಇಲ್ಲದಿದ್ದರೆ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗ ಮೈಸೂರಿನಲ್ಲಿದೆ, ಅರಬ್ಬಿ ಮತ್ತು ಪಾರ್ಸಿ ಶಾಸನಗಳ ವಿಭಾಗ ನಾಗಪುರದಲ್ಲಿದೆ. ಓಲೆಗರಿ, ಹಸ್ತಪ್ರತಿ ಸಿಕ್ಕರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವೆ. ಕಳಿಸುವ ಫೋಟೊ ಜೊತೆ ಎಲ್ಲಿ ಸಿಕ್ಕಿತು, ಯಾವ ಲಿಪಿ ಎನಿಸಿತು, ಯಾವ ಗುರುತು ಕಂಡಿತು ಎಂದು ಬರೆಯಿರಿ. ಮೂಲವನ್ನು ಯಾರ ಕೈಗೂ ಕೊಡದೆ ಪ್ರತಿ ಮಾತ್ರ ಕಳಿಸಿ.

ಅಭ್ಯಾಸಕ್ಕೆ ಮಾಲೂರಿನಿಂದ ಜೋಲಾರಪೇಟೆಗೆ ಹೋಗುವ ರೈಲೇ ಒಳ್ಳೆಯ ಪಾಠ. ಬಂಗಾರಪೇಟೆ ದಾಟಿದ ಮೇಲೆ ಕುಪ್ಪಂ ಬಳಿ ಆಂಧ್ರ, ಮುಂದೆ ತಮಿಳುನಾಡು. ನಿಲ್ದಾಣದ ಫಲಕಗಳಲ್ಲಿ ಕನ್ನಡ ಹೋಗಿ ತೆಲುಗು, ತೆಲುಗು ಹೋಗಿ ತಮಿಳು ಬರುತ್ತದೆ. ಜೊತೆಯಲ್ಲಿ ಹಿಂದಿ, ಇಂಗ್ಲಿಷ್ ಇದ್ದೇ ಇರುತ್ತವೆ. ಊರಿನ ಹೆಸರು ಗೊತ್ತಿರುವುದರಿಂದ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬಹುದು. ಮಕ್ಕಳನ್ನು ಕಿಟಕಿಯ ಪಕ್ಕ ಕೂರಿಸಿ, ತಲೆಕಟ್ಟು ಎಲ್ಲಿ ಬದಲಾಯಿತು, ಚುಕ್ಕಿ ಎಲ್ಲಿ ಶುರುವಾಯಿತು ಎಂದು ಅವರನ್ನೇ ಕೇಳಿ.

ಮನೆಯಲ್ಲಿ ಓದಲು ಬಾರದ ಹಳೆಯ ಕಾಗದ ಇದ್ದರೆ ಈ ವಾರವೇ ಹೊರಗೆ ತೆಗೆದು ನೋಡಿ. ಯಾವ ಭಾಷೆ ಎಂದು ಗೊತ್ತಾಗುವವರೆಗೆ ಒಂದು ಹಾಳೆಯನ್ನೂ ಎಸೆಯಬೇಡಿ.